ಹೊಟ್ಟೆಗೆ ಅನಿಲ ತುಂಬಿದಾಗ ಹೃದಯಕ್ಕೇನಾಗುತ್ತದೆ?

ಪಿತ್ತಕೋಶದ ಕಲ್ಲಿಗೋ ತೂಕ ಇಳಿಸುವುದಕ್ಕೋ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಆಗಬೇಕು ಎಂದಾಗ, ತುಂಬ ದಪ್ಪಗಿರುವವರ ಮನೆಯವರು ಕೇಳುವುದು ಒಂದೇ: ‘ಹಾರ್ಟ್ ತಡ್ಕೊಳ್ಳುತ್ತಾ ಡಾಕ್ಟ್ರೇ?’ ಕೇಳಲೇಬೇಕಾದ ಪ್ರಶ್ನೆ. ಗಾಯ ಚಿಕ್ಕದು ಎಂದಮಾತ್ರಕ್ಕೆ ಹೃದಯಕ್ಕೆ ಕೆಲಸವೇ ಇಲ್ಲ ಎಂದಲ್ಲ.

ಕ್ಯಾಮೆರಾ, ಉಪಕರಣಗಳು ಆಡುವುದಕ್ಕೆ ಹೊಟ್ಟೆಯೊಳಗೆ ಜಾಗ ಬೇಕು. ಅದಕ್ಕಾಗಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಅದಕ್ಕೆ ಬೆಂಕಿ ಹತ್ತುವುದಿಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನೊಂದಿಗೆ ಹೊರಬೀಳುತ್ತದೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸ. ಬಿಪಿ ಅಳೆಯುವುದೂ ಇದೇ ಮಾನದಲ್ಲಿ. 120ರ ಮುಂದೆ 15 ಯಾವ ಲೆಕ್ಕ ಎನಿಸಬಹುದು. ಆದರೆ ಕಾಲು ಮತ್ತು ಹೊಟ್ಟೆಯ ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ಅಭಿಧಮನಿಯೊಳಗೆ ಒತ್ತಡ ಇರುವುದೇ ಒಂದಂಕಿಯಷ್ಟು. ಕಾಲಿಂದ ತುಳಿದ ನೀರಿನ ಪೈಪಿನಂತೆ ಅದು ಅಮುಕಿಹೋಗುತ್ತದೆ. ಮೊದಲ ಕ್ಷಣದಲ್ಲಿ ಹೊಟ್ಟೆಯ ರಕ್ತ ಹಿಂಡಿಕೊಂಡು ಹೃದಯಕ್ಕೆ ನುಗ್ಗುತ್ತದೆ, ಆಮೇಲೆ ಮರಳುವ ರಕ್ತವೇ ಕಡಿಮೆಯಾಗುತ್ತದೆ. ಇತ್ತ ದೇಹ ಅಡ್ರಿನಲಿನ್‌ನಂಥ ರಸಗಳನ್ನು ಬಿಡುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಬರುವ ರಕ್ತ ಕಡಿಮೆ, ತಳ್ಳಬೇಕಾದ ಶ್ರಮ ಹೆಚ್ಚು.

ಕೆಲವರಲ್ಲಿ ಇದಕ್ಕೆ ತದ್ವಿರುದ್ಧ. ಅನಿಲ ತುಂಬಿ ಹೊಟ್ಟೆಯ ಒಳಪದರ ಹಿಗ್ಗಿದ ಕೂಡಲೇ ನಾಡಿ ಧುತ್ತನೆ ಇಳಿದುಬಿಡುತ್ತದೆ. ಆಗ ಅನಿಲ ಬಿಡುವುದೇ ಮೊದಲ ಮದ್ದು. ಬೇಕಾದರೆ ಅಟ್ರೋಪಿನ್ ಕೊಡುತ್ತಾರೆ.

ತೀರಾ ಸ್ಥೂಲಕಾಯದವರ ಹೊಟ್ಟೆಯೊಳಗೆ ಆಪರೇಷನ್ನಿಗೆ ಮೊದಲೇ 9–10ರಷ್ಟು ಒತ್ತಡ ಇರುವುದುಂಟು. ತೆಳ್ಳಗಿರುವವರಲ್ಲಿ ಅದು 5ರೊಳಗೆ. ಹೆಚ್ಚಿನ ರಕ್ತವನ್ನು ವರ್ಷಗಟ್ಟಲೆ ತಳ್ಳಿ ಸ್ಥೂಲಕಾಯದವರ ಹೃದಯದ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರುವುದುಂಟು. ಇಷ್ಟಿದ್ದರೂ, ಬೇರೆ ಹೃದ್ರೋಗವಿಲ್ಲದಿದ್ದರೆ ಹೆಚ್ಚಿನವರು ಅನಿಲದ ಒತ್ತಡವನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತಾರೆ. ಮೊದಲು ಕುಗ್ಗಿದ ರಕ್ತದ ಹರಿವು ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ. ನಿಜವಾಗಿ ಎಚ್ಚರ ಬೇಕಾದ್ದು ಹೃದಯ ಸೋತವರಲ್ಲಿ, ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿದವರಲ್ಲಿ, ಗೊರಕೆ ನಡುವೆ ಉಸಿರೇ ನಿಲ್ಲುವವರಲ್ಲಿ.

ಅರಿವಳಿಕೆ ತಜ್ಞರ ಕೈಯಲ್ಲೂ ಸರ್ಜನ್ ಕೈಯಲ್ಲೂ ಉಪಾಯಗಳಿವೆ. ಕೆಲಸ ಸಾಗುವಷ್ಟು ಕನಿಷ್ಠ ಒತ್ತಡದಲ್ಲೇ ಅನಿಲ ಇಡುವುದು ಒಂದು. ಟೇಬಲ್ಲಿನ ಓರೆಯೂ ಮುಖ್ಯ: ತಲೆ ಮೇಲಿದ್ದರೆ ಉಸಿರು ಸಲೀಸು, ಆದರೆ ರಕ್ತ ಕಾಲಲ್ಲಿ ನಿಲ್ಲುತ್ತದೆ, ಗರ್ಭಕೋಶದ ಆಪರೇಷನ್ನಿಗೆ ತಲೆ ಕೆಳಗಾದರೆ ರಕ್ತ ಹೃದಯದತ್ತ ಹರಿಯುತ್ತದೆ, ಆದರೆ ವಪೆ ಶ್ವಾಸಕೋಶವನ್ನು ಒತ್ತುತ್ತದೆ. ರಕ್ತ ಸೇರಿದ ಅನಿಲ ಹೊರಹೋಗಲು ವೆಂಟಿಲೇಟರಿನ ಉಸಿರಾಟ ಹೆಚ್ಚಿಸುತ್ತಾರೆ. ಬಿಪಿ ಪಟ್ಟಿಯ ಅಳತೆಯೂ ಸಣ್ಣ ವಿಷಯವಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ. ಹಾಗಾಗಿ ಅಗತ್ಯವಿದ್ದರೆ ಮಣಿಕಟ್ಟಿನ ಅಪಧಮನಿಗೇ ನಳಿಕೆ ಹಾಕುತ್ತಾರೆ.

ಕಾಲಲ್ಲಿ ನಿಂತ ರಕ್ತ ಹೆಪ್ಪುಗಟ್ಟದಂತೆ ಮೀನಖಂಡವನ್ನು ಆಗಾಗ ಒತ್ತುವ ಪಟ್ಟಿಗಳನ್ನು ಕಟ್ಟುತ್ತಾರೆ, ಹೆಪ್ಪು ತಡೆಯುವ ಚುಚ್ಚುಮದ್ದೂ ಇರುತ್ತದೆ. ಎಚ್ಚರವಾದ ಕೆಲವೇ ಗಂಟೆಗಳಲ್ಲಿ ನರ್ಸ್ ಎಬ್ಬಿಸಿ ನಡೆಸುವುದೂ ಇದಕ್ಕೇ. ‘ಪಾಪ, ಮಲಗಲಿ ಬಿಡಿ’ ಎನ್ನಬೇಡಿ. ಆಪರೇಷನ್ ಆದಮೇಲೆ ಕಾಣುವ ಭುಜದ ನೋವು ವಪೆಗೆ ಅನಿಲ ತಾಗಿದ್ದರಿಂದ ಬಂದಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ, ಒಂದು ಕಾಲು ಮಾತ್ರ ಊದಿಕೊಂಡರೆ ತಕ್ಷಣ ಹೇಳಬೇಕು. ಆಪರೇಷನ್ನಿಗೆ ಮುಂಚೆಯೂ ಅಷ್ಟೇ: ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ, ರಾತ್ರಿ ಗೊರಕೆ ಹೇಗಿದೆ, ಯಾವ ಮಾತ್ರೆ ನುಂಗುತ್ತಿದ್ದಾರೆ, ಎಲ್ಲವನ್ನೂ ಅರಿವಳಿಕೆ ತಜ್ಞರ ಮುಂದೆ ಬಿಚ್ಚಿ ಹೇಳಿ.