ಹ್ಯಾಕಿಂಗ್‌ಗೂ ಉಂಟು ಗುತ್ತಿಗೆದಾರರು

ಪ್ರಶ್ನೆ: ಸರ್ಕಾರಗಳು ಹ್ಯಾಕಿಂಗ್ ಕೆಲಸವನ್ನು ಖಾಸಗಿ ಕಂಪನಿಗಳಿಗೂ ಕೊಡುತ್ತವೆಯೇ?

ಉತ್ತರ: ಕೊಡುತ್ತವೆ. 2024ರ ಫೆಬ್ರವರಿಯಲ್ಲಿ ಶಾಂಘೈನ ಐ-ಸೂನ್ ಕಂಪನಿಯ ನೂರಾರು ಒಳಕಡತಗಳು ಗಿಟ್‌ಹಬ್ ತಾಣದಲ್ಲಿ ಬಯಲಾದವು. ಒಪ್ಪಂದಗಳು, ಬೇಹು ಉಪಕರಣಗಳ ಕೈಪಿಡಿಗಳು, ಸಂಬಳ ಸಾಲದೆಂದು ಗೊಣಗುವ ನೌಕರರ ಚಾಟ್‌ಗಳು ಎಲ್ಲವೂ ಅದರಲ್ಲಿದ್ದವು.

ಚೀನಾದ ಪೊಲೀಸ್ ಮತ್ತು ಗುಪ್ತಚರ ಇಲಾಖೆಗಳ ಸ್ಥಳೀಯ ಕಚೇರಿಗಳೇ ಈ ಕಂಪನಿಯ ಮುಖ್ಯ ಗಿರಾಕಿಗಳು. ಕೆಲವೊಮ್ಮೆ ಅಧಿಕಾರಿಗಳು ಹೇಳಿದ ಗುರಿಗೆ ಕನ್ನ. ಕೆಲವೊಮ್ಮೆ ಮೊದಲು ಕದ್ದು, ಆಮೇಲೆ ಕೊಳ್ಳುವವರ ಹುಡುಕಾಟ. ಹ್ಯಾಕ್ ಮಾಡಿದ ಪ್ರತಿ ಇಮೇಲ್ ಖಾತೆಗೆ 10,000ದಿಂದ 75,000 ಡಾಲರ್‌ವರೆಗೆ ದರವಿತ್ತು ಎನ್ನುತ್ತದೆ ಅಮೆರಿಕದ ನ್ಯಾಯ ಇಲಾಖೆ.

ಇದು ದೂರದ ಸುದ್ದಿಯಲ್ಲ. ಭಾರತದ ವಲಸೆ ವಿಭಾಗದ 95.2 ಗಿಗಾಬೈಟ್ ಮಾಹಿತಿ ಕಂಪನಿಯ ಕೈಲಿದೆ ಎಂದು ಅದೇ ಕಡತಗಳ ಒಂದು ಪಟ್ಟಿ ಹೇಳಿಕೊಂಡಿತ್ತು. ದಕ್ಷಿಣ ಕೊರಿಯಾದ ದೂರವಾಣಿ ಕಂಪನಿಯೊಂದರ 3 ಟೆರಾಬೈಟ್ ಕರೆ ವಿವರವೂ ಅದರಲ್ಲಿತ್ತು. ಹೀಗೆ ಬಿಕರಿಗಿಟ್ಟದ್ದು ಸಾಮಾನ್ಯ ಜನರ ಓಡಾಟ, ಮಾತುಕತೆಯ ಜಾಡು; ಅವರಿಗೆ ಅದರ ಸುಳಿವೂ ಇರುವುದಿಲ್ಲ.

2025ರ ಮಾರ್ಚ್‌ನಲ್ಲಿ ಅಮೆರಿಕ, ಐ-ಸೂನ್‌ನ 8 ಮಂದಿ ಮತ್ತು ಚೀನಾದ ಇಬ್ಬರು ಪೊಲೀಸ್ ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಹ್ಯಾಕಿಂಗ್‌ಗೆ ತಾನು ಬೆಂಬಲ ಕೊಡುವುದಿಲ್ಲ ಎಂಬುದೇ ಚೀನಾ ಸರ್ಕಾರದ ನಿಲುವು.