ಮಿದುಳಿನ ಕಾಯಿಲೆಗೆ ಅಸ್ಥಿಮಜ್ಜೆಯ ಚಿಕಿತ್ಸೆ ಏಕೆ?

ಒಂದು ವರ್ಷಕ್ಕೆ ನಡೆಯಲು ಕಲಿತ ಮಗು ಎರಡು ತುಂಬುವ ಹೊತ್ತಿಗೆ ಪದೇ ಪದೇ ಎಡವತೊಡಗುತ್ತದೆ. ಬಂದಿದ್ದ ಮಾತುಗಳು ಒಂದೊಂದಾಗಿ ಮರೆತುಹೋಗುತ್ತವೆ. ಕೈಕಾಲು ಬಿಗಿಯುತ್ತವೆ, ಕೊನೆಗೆ ನುಂಗುವುದೂ ಕಷ್ಟವಾಗುತ್ತದೆ. ಹೀಗೆ ಕಲಿತದ್ದನ್ನೆಲ್ಲ ಕಸಿದುಕೊಳ್ಳುವ ಆನುವಂಶಿಕ ಕಾಯಿಲೆಗಳಲ್ಲಿ ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರಫಿಯೂ ಒಂದು. ಚಿಕ್ಕದಾಗಿ ಎಂಎಲ್‌ಡಿ. ಇದರಲ್ಲಿ ಹಾಳಾಗುವುದು ಮಿದುಳು ಮತ್ತು ನರಗಳು. ವೈದ್ಯರು ಕೈಹಾಕುವುದು ಮಾತ್ರ ರಕ್ತ ತಯಾರಾಗುವ ಅಸ್ಥಿಮಜ್ಜೆಗೆ. ಈ ಒಗಟನ್ನು ಬಿಡಿಸಬೇಕಾದರೆ ಮೈಕ್ರೋಗ್ಲಿಯಾ ಎಂಬ ಕೋಶಗಳ ಪರಿಚಯ ಬೇಕು.

ಮಿದುಳಿನ ಕಾವಲು ಪಡೆ

ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಓರ್ತೆಗ 1919ರಲ್ಲಿ ಈ ಕೋಶಗಳನ್ನು ಪ್ರತ್ಯೇಕವಾಗಿ ಗುರುತಿಸಿದ. ಇವು ಮಿದುಳಿಗೇ ಮೀಸಲಾದ ರೋಗನಿರೋಧಕ ಕೋಶಗಳು. ಭ್ರೂಣ ಇನ್ನೂ ಎಳೆಯದಿರುವಾಗಲೇ ಮಿದುಳಿಗೆ ಬಂದು ನೆಲೆಸುತ್ತವೆ; ಆಮೇಲೆ ರಕ್ತದಿಂದ ಹೊಸಬರನ್ನು ಕಾಯದೆ ತಾವೇ ವಿಭಜನೆಗೊಂಡು ಸಂಖ್ಯೆ ಕಾಯ್ದುಕೊಳ್ಳುತ್ತವೆ. ಇವು ತಮ್ಮ ಸಣ್ಣ ಸಣ್ಣ ಟಿಸಿಲುಗಳನ್ನು ಚಾಚಿ ಸುತ್ತಲಿನ ಜಾಗವನ್ನು ಸದಾ ತಡಕಾಡುತ್ತಿರುತ್ತವೆ ಎಂಬುದು 2005ರಲ್ಲಿ ಜೀವಂತ ಇಲಿಗಳ ಮಿದುಳಿನಲ್ಲಿ ಕಂಡುಬಂತು. ಸತ್ತ ಕೋಶ, ಹರಿದ ಪೊರೆ, ಹೊರಗಿಂದ ಬಂದ ಸೋಂಕು, ಸಿಕ್ಕಿದ್ದನ್ನು ನುಂಗಿ ಅರಗಿಸುವುದು ಇವುಗಳ ಕೆಲಸ. ಅರಗಿಸುವ ಜಾಗ ಕೋಶದೊಳಗಿನ ಲೈಸೊಸೋಮ್ ಎಂಬ ಚೀಲ.

ಅರಗದ ಕೊಬ್ಬು

ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಇದ್ದರೆ ಮಾತ್ರ ಸಂಕೇತಗಳು ವೇಗವಾಗಿ ಸಾಗುತ್ತವೆ. ಮಯಲಿನ್‌ನಲ್ಲಿರುವ ಸಲ್ಫಟೈಡ್ ಎಂಬ ಕೊಬ್ಬನ್ನು ಒಡೆಯಲು ಅರೈಲ್‌ಸಲ್ಫಟೇಸ್-ಎ ಕಿಣ್ವ ಬೇಕು. ಎಂಎಲ್‌ಡಿ ಇರುವ ಮಗುವಿಗೆ ತಂದೆಯಿಂದ ಬಂದ ಜೀನೂ ತಾಯಿಯಿಂದ ಬಂದ ಜೀನೂ ದೋಷವುಳ್ಳದ್ದಾಗಿರುವುದರಿಂದ ಈ ಕಿಣ್ವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಲ್ಫಟೈಡ್ ಒಡೆಯದೆ ಕೂಡುತ್ತ ಹೋಗುತ್ತದೆ.

ಮಯಲಿನ್ ನೇಯುವ ಕೋಶಗಳು ಇದರಿಂದ ಸೊರಗುತ್ತವೆ. ಹರಿದ ಹೊದಿಕೆಯನ್ನು ತೆಗೆಯಲು ಬರುವ ಮೈಕ್ರೋಗ್ಲಿಯಾದಲ್ಲೂ ಅದೇ ಕಿಣ್ವದ ಕೊರತೆ. ನುಂಗಿದ್ದು ಅರಗುವುದಿಲ್ಲ, ಕೋಶ ಉಬ್ಬುತ್ತದೆ, ಉರಿಯೂತದ ರಾಸಾಯನಿಕಗಳನ್ನು ಹೊರಬಿಡುತ್ತದೆ, ಅಕ್ಕಪಕ್ಕದ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಮೈಕ್ರೋಗ್ಲಿಯಾ ಬರೀ ಕಸ ಬಾಚಲು ತಡವಾಗಿ ಬಂದವಲ್ಲ. ರೋಗಿಗಳ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿದ 2019ರ ಒಂದು ಅಧ್ಯಯನದಲ್ಲಿ, ಮಯಲಿನ್ ದೊಡ್ಡ ಪ್ರಮಾಣದಲ್ಲಿ ಕುಸಿಯುವ ಮೊದಲೇ ಈ ಕೋಶಗಳು ಹಾಳಾಗಿದ್ದವು.

ಹೊಸ ಕೋಶಗಳ ದಾರಿ

ಕೊರತೆಯಿರುವ ಕಿಣ್ವವನ್ನು ಚುಚ್ಚುಮದ್ದಾಗಿ ಕೊಡಬಾರದೇ? ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಅದು ಸರಿಯಾಗಿ ದಾಟುವುದಿಲ್ಲ. ಅಸ್ಥಿಮಜ್ಜೆಯಿಂದ ಹುಟ್ಟುವ ಕೆಲವು ಕೋಶಗಳು ದಾಟಬಲ್ಲವು. ಬುಸಲ್ಫಾನ್ ಎಂಬ ಔಷಧ ಕೊಟ್ಟು ಮಗುವಿನ ಹಳೆಯ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಅದರಿಂದ ಮಿದುಳಿನಲ್ಲೂ ಹೊಸ ಕೋಶಗಳಿಗೆ ಎಡೆಯಾಗುತ್ತದೆ. ಆಮೇಲೆ ಕಸಿ ಮಾಡಿದ ಕಾಂಡಕೋಶಗಳ, ಅಂದರೆ ರಕ್ತಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳ, ಪೀಳಿಗೆಯಲ್ಲಿ ಕೆಲವು ಅಲ್ಲಿಗೆ ಹೋಗಿ, ಮೈಕ್ರೋಗ್ಲಿಯಾದಂತೆಯೇ ರೂಪ ತಾಳಿ ನೆಲೆಸುತ್ತವೆ. ಇವು ತಯಾರಿಸಿದ ಕಿಣ್ವದ ಒಂದು ಪಾಲು ಹೊರಗೆ ಸೂಸುತ್ತದೆ. ಮನೆಯಲ್ಲಿ ಹೆಪ್ಪು ಇಲ್ಲದವರು ಪಕ್ಕದ ಮನೆಯಿಂದ ಈಸಿಕೊಳ್ಳುವ ಹಾಗೆ, ನೆರೆಯ ಕೋಶಗಳು ಅದನ್ನು ಹೀರಿಕೊಂಡು ತಮ್ಮ ಲೈಸೊಸೋಮ್‌ನಲ್ಲಿ ಬಳಸುತ್ತವೆ.

ತೊಡಕಿರುವುದು ವೇಗದಲ್ಲಿ. ಹೊಸ ಕೋಶಗಳು ಮಿದುಳಿನಲ್ಲಿ ನೆಲೆಯೂರಲು ತಿಂಗಳುಗಳೇ ಬೇಕು. ಎಳವೆಯಲ್ಲಿ ಶುರುವಾಗುವ ಎಂಎಲ್‌ಡಿ ಅಷ್ಟು ಕಾಯುವುದಿಲ್ಲ. ಹಾಗಾಗಿ ಬೇರೆಯವರ ಮಜ್ಜೆಯ ಕಸಿಯಿಂದ ಈ ಬಗೆಯಲ್ಲಿ ಹೆಚ್ಚು ಲಾಭವಾಗಿಲ್ಲ. ಇಟಲಿಯ ಮಿಲಾನ್‌ನಲ್ಲಿ ರೂಪುಗೊಂಡ ಜೀನ್ ಚಿಕಿತ್ಸೆ ಇದಕ್ಕೆ ದಾರಿ ಹುಡುಕಿತು. ಮಗುವಿನದೇ ಕಾಂಡಕೋಶಗಳನ್ನು ತೆಗೆದು, ನಿರಪಾಯಗೊಳಿಸಿದ ವೈರಸ್ ಮೂಲಕ ಸರಿಯಾದ ಜೀನ್ ಸೇರಿಸಿ ಮರಳಿಸುತ್ತಾರೆ. ಈ ಕೋಶಗಳು ಸಾಮಾನ್ಯಕ್ಕಿಂತ ಹೆಚ್ಚು ಕಿಣ್ವ ತಯಾರಿಸುತ್ತವೆ. ಸ್ವಂತ ಕೋಶಗಳಾದ್ದರಿಂದ ದಾನಿಯ ಕೋಶಗಳು ಮಗುವಿನ ಮೇಲೆಯೇ ತಿರುಗಿಬೀಳುವ ಭಯವಿಲ್ಲ. ಯುರೋಪ್ 2020ರಲ್ಲಿ ಲಿಬ್‌ಮೆಲ್ಡಿ ಎಂಬ ಹೆಸರಿನಲ್ಲೂ ಅಮೆರಿಕ 2024ರಲ್ಲಿ ಲೆನ್‌ಮೆಲ್ಡಿ ಎಂಬ ಹೆಸರಿನಲ್ಲೂ ಇದಕ್ಕೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಘೋಷಿಸಿದ ಬೆಲೆ 42.5 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 35 ಕೋಟಿ ರೂಪಾಯಿ.

ಕುಟುಂಬ ತಿಳಿದಿರಬೇಕಾದದ್ದು

ಸತ್ತ ನರಕೋಶ ಮರಳಿ ಬರುವುದಿಲ್ಲ. ಆದ್ದರಿಂದ ಚಿಕಿತ್ಸೆ ಚೆನ್ನಾಗಿ ಫಲ ಕೊಡುವುದು ಲಕ್ಷಣ ಕಾಣಿಸುವ ಮೊದಲು. ಲಕ್ಷಣವೇ ಇಲ್ಲದ ಮಗುವನ್ನು ಯಾರು ಪರೀಕ್ಷೆಗೆ ಒಯ್ಯುತ್ತಾರೆ? ಹೆಚ್ಚಾಗಿ, ದೊಡ್ಡ ಮಗುವಿಗೆ ಕಾಯಿಲೆ ಪತ್ತೆಯಾದ ಮನೆಯವರೇ. ಹಾಗೆ ಪತ್ತೆಯಾದರೆ ತಮ್ಮ, ತಂಗಿಯರನ್ನು ತಡಮಾಡದೆ ಪರೀಕ್ಷಿಸಬೇಕು. ರಕ್ತದಲ್ಲಿ ಕಿಣ್ವದ ಮಟ್ಟ ನೋಡಿದರಷ್ಟೇ ಸಾಲದು; ಕಿಣ್ವ ಕಡಿಮೆಯಿದ್ದೂ ಆರೋಗ್ಯವಾಗಿರುವವರು ಇದ್ದಾರೆ. ಮೂತ್ರದಲ್ಲಿ ಸಲ್ಫಟೈಡ್ ಎಷ್ಟಿದೆ ಎಂಬ ಪರೀಕ್ಷೆ ಮತ್ತು ಜೀನ್ ಪರೀಕ್ಷೆ ಸೇರಿದಾಗ ರೋಗನಿರ್ಣಯ ಖಚಿತ.

ತಂದೆ ತಾಯಿ ಇಬ್ಬರೂ ದೋಷದ ಜೀನ್‌ನ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ವಾಹಕರಿಗೆ ತಮಗೆ ಏನೂ ಆಗುವುದಿಲ್ಲವಾದ್ದರಿಂದ ವಿಷಯ ಗೊತ್ತೇ ಇರುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ಮನೆತನಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಮಗುವಿಗೆ ಸೇರುವ ಸಂಭವ ಹೆಚ್ಚು. ಇಂಥ ಕುಟುಂಬಗಳು ಮುಂದಿನ ಬಸಿರಿಗೆ ಮೊದಲೇ ವಂಶವಾಹಿ ಸಮಾಲೋಚನೆ ಪಡೆಯುವುದು ಒಳ್ಳೆಯದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಅಡಿ, ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಈ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿವೆ. ನೆರವಿನ ವಿಚಾರಣೆಯನ್ನು ಅಲ್ಲಿಂದ ಶುರುಮಾಡಬಹುದು. ಹೋಗುವಾಗ ದೊಡ್ಡ ಮಗುವಿನ ಎಂಆರ್‌ಐ ಮತ್ತು ಜೀನ್ ವರದಿಗಳು ಜೊತೆಯಲ್ಲಿರಲಿ. ಚಿಕ್ಕ ಮಗುವಿನಲ್ಲಿ ಏನನ್ನು ಹುಡುಕಬೇಕು ಎಂಬುದು ಆ ವರದಿಗಳಿಂದಲೇ ಗೊತ್ತಾಗುತ್ತದೆ.