ಅರಕಾವಾ ನದಿಯ ಕಾವಲು ಯಾರದು?

ಟೋಕಿಯೊದ ಪೂರ್ವದ ಅಂಚಿನಲ್ಲಿ, ಎದೊಗಾವಾ ವಾರ್ಡಿಗೆ ಸೇರಿದ ನಿಶಿ ಕಸಾಯಿ ಕನ್ನಡಿಗರಿಗೆ ತೀರಾ ಅಪರಿಚಿತ ಊರೇನಲ್ಲ. 2000ದ ಆಸುಪಾಸಿನಿಂದ ಭಾರತದ ಸಾಫ್ಟ್‌ವೇರ್ ಎಂಜಿನಿಯರುಗಳು ಸಂಸಾರ ಸಮೇತ ಬಂದು ನೆಲೆಸುತ್ತಿರುವ ಈ ಬಡಾವಣೆಗೆ ‘ಲಿಟಲ್ ಇಂಡಿಯಾ’ ಎಂಬ ಹೆಸರೇ ಬಿದ್ದಿದೆ. ಇಲ್ಲಿಂದ ತೋಜಾಯಿ ಮೆಟ್ರೊ ಹಿಡಿದು ನಗರದ ಕಡೆ ಹೊರಟರೆ, ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೇ ರೈಲು ಬಹಳ ಅಗಲವಾದ ಒಂದು ನದಿಯನ್ನು ದಾಟುತ್ತದೆ. ಅದು ಅರಕಾವಾ. ದಿನವೂ ಅದನ್ನು ದಾಟಿ ಕೆಲಸಕ್ಕೆ ಹೋಗುವವರಲ್ಲಿ ಎಷ್ಟೋ ಜನರಿಗೆ, ಆ ನದಿಯ ಕೊನೆಯ 22 ಕಿಲೋಮೀಟರು ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯರು ಅಗೆದು ಮಾಡಿದ್ದು ಎಂಬುದು ತಿಳಿದಿರಲಾರದು. ಎದೊಗಾವಾ ವಾರ್ಡಿನ ಸುಮಾರು ಶೇ 70ರಷ್ಟು ನೆಲ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿದೆ. ಏರಿಗಳಿಲ್ಲದಿದ್ದರೆ ಮಳೆಯೇ ಬೇಕಿಲ್ಲ, ಭರತದ ನೀರೇ ಮನೆಯೊಳಗೆ ಬರುತ್ತದೆ. ಇಂಥ ಕಡೆ ನದಿ, ಅಣೆಕಟ್ಟು, ತೂಬು, ಕೆರೆಗಳ ಉಸ್ತುವಾರಿ ಯಾರ ಕೈಯಲ್ಲಿರಬೇಕು ಎಂಬುದು ಬದುಕಿನ ಪ್ರಶ್ನೆ. ಅಮೆರಿಕ ಆ ಕೆಲಸವನ್ನು ತನ್ನ ಸೇನೆಯ ಎಂಜಿನಿಯರುಗಳಿಗೆ ಒಪ್ಪಿಸಿದೆ. ಜಪಾನ್ ಒಪ್ಪಿಸಿಲ್ಲ. ಆದರೂ ಸೇನೆಯ ಎಂಜಿನಿಯರುಗಳು ರೂಢಿಸಿದ ಶಿಸ್ತಿನ ಒಂದು ಪಾಲು ನಿಶಿ ಕಸಾಯಿಯ ಪಕ್ಕದಲ್ಲೇ ಹರಿಯುತ್ತಿದೆ.

ಮೊದಲು ಅಮೆರಿಕದ ಮಾತು. ಅಲ್ಲಿನ ‘ಆರ್ಮಿ ಕೋರ್ ಆಫ್ ಎಂಜಿನಿಯರ್ಸ್’ ಈಗಿನ ರೂಪದಲ್ಲಿ ಹುಟ್ಟಿದ್ದು 1802ರಲ್ಲಿ. ಕೋಟೆ ಕಟ್ಟಲು ಹುಟ್ಟಿದ ಪಡೆಗೆ 1824ರಲ್ಲಿ ಓಹಿಯೊ, ಮಿಸಿಸಿಪಿ ನದಿಗಳಲ್ಲಿ ದೋಣಿ ಸಾಗುವಂತೆ ದಾರಿ ಮಾಡುವ ಕೆಲಸ ಬಂತು. ದೇಶದಲ್ಲಿ ತರಬೇತಾದ ಎಂಜಿನಿಯರುಗಳು ಬೇರೆಲ್ಲೂ ಹೆಚ್ಚಾಗಿ ಇರಲಿಲ್ಲ ಎಂಬುದೇ ಕಾರಣ. 1927ರ ಮಿಸಿಸಿಪಿ ಮಹಾಪೂರದ ನಂತರ ಆ ನದಿಯ ಪ್ರವಾಹ ನಿಯಂತ್ರಣ, 1936ರ ಕಾಯ್ದೆಯಿಂದ ದೇಶದ ಉಳಿದ ನದಿಗಳದ್ದು, 1944ರಲ್ಲಿ ಜಲಾಶಯಗಳ ದಂಡೆಯಲ್ಲಿ ಜನರ ವಿಹಾರಕ್ಕೆ ಅನುಕೂಲ ಮಾಡಿಕೊಡುವ ಅಧಿಕಾರ, ಹೀಗೆ ಒಂದೊಂದೇ ಅದರ ಮಡಿಲಿಗೆ ಬಿದ್ದವು. ಇಂದು 400ಕ್ಕೂ ಹೆಚ್ಚು ಸಾರ್ವಜನಿಕ ಕೆರೆ, ಜಲಾಶಯಗಳನ್ನು ಅದು ನೋಡಿಕೊಳ್ಳುತ್ತದೆ. ಮೀನು ಹಿಡಿಯುವವರಿಗೆ, ಡೇರೆ ಹಾಕುವವರಿಗೆ ಜಾಗ ಒದಗಿಸುವುದೂ ಸೇನೆಯ ಕೆಲಸವಾಗಿರುವ ವಿಚಿತ್ರ ಅದು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಆ ಸಂಸ್ಥೆಯ ಹತ್ತಾರು ಸಾವಿರ ನೌಕರರಲ್ಲಿ ಸಮವಸ್ತ್ರ ತೊಟ್ಟವರು ಬೆರಳೆಣಿಕೆಯ ನೂರುಗಳು ಮಾತ್ರ. ಜಿಲ್ಲಾ ಕಚೇರಿಯ ಮೇಲೆ ಕೂರುವ ಕರ್ನಲ್ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾನೆ. ನದಿಯ ನೆನಪನ್ನು ಇಟ್ಟುಕೊಂಡಿರುವುದು ಅವನ ಕೆಳಗೆ ಜೀವಮಾನವಿಡೀ ದುಡಿಯುವ ನಾಗರಿಕ ಎಂಜಿನಿಯರುಗಳು.

ಪನಾಮಾ ಕಾಲುವೆಯಲ್ಲಿ ಈ ಪಡೆಯ ಹೆಸರು ಬೆಳಗಿತು. ಒಬ್ಬರ ಹಿಂದೊಬ್ಬರಂತೆ ಇಬ್ಬರು ನಾಗರಿಕ ಮುಖ್ಯ ಎಂಜಿನಿಯರುಗಳು ರಾಜೀನಾಮೆ ಕೊಟ್ಟು ಹೋದ ಮೇಲೆ, 1907ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೆಲಸವನ್ನು ಸೇನೆಯ ಜಾರ್ಜ್ ಗೋಥಲ್ಸ್‌ಗೆ ವಹಿಸಿದರು. ಸೈನಿಕನಾದರೆ ನಡುವೆ ಬಿಟ್ಟು ಹೋಗಲಾರ ಎಂಬ ಲೆಕ್ಕ ಅದರ ಹಿಂದಿತ್ತು. 1914ರಲ್ಲಿ ಕಾಲುವೆ ತೆರೆಯಿತು. ಆ ಕಾಮಗಾರಿಯಲ್ಲಿ ಒಬ್ಬನೇ ಒಬ್ಬ ಜಪಾನಿ ಎಂಜಿನಿಯರ್ ಇದ್ದ. ಹೆಸರು ಅಕಿರಾ ಅಒಯಾಮಾ. 1903ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಮರುವರ್ಷ ಪನಾಮಾ ಸೇರಿ, ಸರ್ವೆಯ ಕೋಲು ಹಿಡಿಯುವ ತೀರಾ ಕೆಳಗಿನ ಕೆಲಸದಿಂದ ಶುರುಮಾಡಿ, ಗಾಟುನ್ ಅಣೆಕಟ್ಟು ಮತ್ತು ಲಾಕ್‌ಗಳ ವಿಭಾಗದವರೆಗೆ ಏರಿದವನು. ಕಾಲುವೆ ಮುಗಿಯುವ ಮುನ್ನವೇ, 1911ರ ಕೊನೆಯಲ್ಲಿ, ಅಲ್ಲಿಂದ ಹೊರಟ ಅಒಯಾಮಾ ಊರಿಗೆ ಮರಳಿ ಸೇರಿದ್ದು ಸೇನೆಯನ್ನಲ್ಲ, ಗೃಹ ಸಚಿವಾಲಯವನ್ನು. ಹಿಡಿದದ್ದು ಅರಕಾವಾದ ಕೆಲಸವನ್ನು.

1910ರ ಆಗಸ್ಟಿನ ಮಹಾಪೂರ ಟೋಕಿಯೊದ ತಗ್ಗು ಪ್ರದೇಶವನ್ನೆಲ್ಲ ಮುಳುಗಿಸಿತ್ತು. ನಗರದ ನಡುವೆ ಹಾಯುತ್ತಿದ್ದ ಹಳೆಯ ಪಾತ್ರ, ಅಂದರೆ ಇಂದಿನ ಸುಮಿದಾ, ಅಷ್ಟು ನೀರನ್ನು ತಾಳುವುದಿಲ್ಲ ಎಂದು ಮನವರಿಕೆಯಾಗಿ, ಇವಾಬುಚಿ ಎಂಬಲ್ಲಿ ನದಿಯನ್ನು ಕವಲೊಡೆಸಿ, ಸುಮಾರು 500 ಮೀಟರ್ ಅಗಲದ ಹೊಸ ಪಾತ್ರವನ್ನು ಸಮುದ್ರದವರೆಗೆ ತೋಡುವ ತೀರ್ಮಾನವಾಯಿತು. 1913ರಲ್ಲಿ ಅಗೆತ ಶುರುವಾಗಿ, 1924ರಲ್ಲಿ ನೀರು ಹರಿದು, 1930ರಲ್ಲಿ ಕಾಮಗಾರಿ ಮುಗಿಯಿತು. ಕವಲಿನ ಬಾಯಲ್ಲಿ ಅಒಯಾಮಾ ನಿಲ್ಲಿಸಿದ ಇವಾಬುಚಿ ತೂಬಿನ ಅಡಿಪಾಯಕ್ಕೆ ನದೀತಳದಿಂದ ಸುಮಾರು 20 ಮೀಟರ್ ಆಳಕ್ಕೆ ಕಾಂಕ್ರೀಟಿನ ಚೌಕಟ್ಟುಗಳನ್ನು ಇಳಿಸಲಾಯಿತು. ಇಷ್ಟು ಆಳ ಯಾಕೆ ಎಂದು ಆಗ ಕೇಳಿದವರಿದ್ದಿರಬಹುದು. ಕಟ್ಟುತ್ತಿರುವಾಗಲೇ, 1923ರಲ್ಲಿ, ಕಾಂತೊ ಮಹಾಭೂಕಂಪ ಬಂತು; ತೂಬು ಅಲುಗಲಿಲ್ಲ. ಈ ಹೊಸ ಪಾತ್ರದ ಸ್ಮಾರಕ ಶಿಲೆಯ ಮೇಲೆ ಅಒಯಾಮಾನ ಹೆಸರಿಲ್ಲ, ಯಾವ ಅಧಿಕಾರಿಯ ಹೆಸರೂ ಇಲ್ಲ. ತ್ಯಾಗ ಮಾಡಿ ದುಡಿದ ಸಂಗಾತಿಗಳ ನೆನಪಿಗಾಗಿ ಕೆಲಸದಲ್ಲಿದ್ದವರೇ ನಿಲ್ಲಿಸಿದ್ದು ಎಂಬ ಅರ್ಥದ ಬರಹವಷ್ಟೇ ಇದೆ. ಉದ್ಘಾಟನಾ ಫಲಕಗಳನ್ನು ಓದಿ ಓದಿ ದಣಿದ ನಮ್ಮ ಕಣ್ಣಿಗೆ ಇದೊಂದು ಸಮಾಧಾನ.

ನಾಗರಿಕ ಇಲಾಖೆ ಮಾಡಿತೆಂದ ಮಾತ್ರಕ್ಕೆ ಈ ಕೆಲಸ ಕೈತೊಳೆದುಕೊಂಡಷ್ಟು ಶುದ್ಧವೆಂದು ಹೇಳಲಾಗದು. ಸುಮಾರು 1,300 ಮನೆಗಳವರು ಎದ್ದು ಹೋಗಬೇಕಾಯಿತು. ಹಿರಾಯಿ, ಕೊಮತ್ಸುಗಾವಾಗಳು ತಮ್ಮ ನೆರೆಯ ಊರುಗಳಿಂದ ತುಂಡಾಗಿ ನದಿಯ ಆಚೆ ಉಳಿದವು. ಇಂದಿಗೂ ಎದೊಗಾವಾ ವಾರ್ಡಿನ ಆ ಭಾಗ ಅರಕಾವಾದ ಪಶ್ಚಿಮ ದಂಡೆಯಲ್ಲಿದೆ. ಅಗೆತದ ಕೂಲಿಗಳಲ್ಲಿ ಕೊರಿಯನ್ನರೂ ಇದ್ದರು. ಭೂಕಂಪದ ಬೆನ್ನಿಗೇ ಅವರ ಮೇಲೆ ಹಬ್ಬಿದ ಸುಳ್ಳುಸುದ್ದಿಯಿಂದಾಗಿ, ಯೊತ್ಸುಗಿ ಸೇತುವೆಯ ಬಳಿ ಇದೇ ಕಾಲುವೆಯ ದಂಡೆಯಲ್ಲಿ ಕೊರಿಯನ್ನರ ಕೊಲೆಗಳು ನಡೆದವು. ಅದರಲ್ಲಿ ಸೈನಿಕರ ಕೈಯೂ ಇತ್ತೆಂದು ಕಣ್ಣಾರೆ ಕಂಡವರ ಹೇಳಿಕೆಗಳಿವೆ. ಸೇನೆ ಬಂದರೆ ಶಿಸ್ತು ಬರುತ್ತದೆ ಎನ್ನುವವರು ಈ ಪುಟವನ್ನೂ ಓದಬೇಕು. ನಾಗರಿಕ ಸಚಿವಾಲಯ ಇದ್ದಲ್ಲಿ ನ್ಯಾಯವಿರುತ್ತದೆ ಎನ್ನುವವರೂ ಓದಬೇಕು.

ಹಾಗಾದರೆ ಸಮವಸ್ತ್ರದಿಂದ ಆಗುವ ಲಾಭವೇನು, ನಷ್ಟವೇನು? ನನ್ನ ವಾದ ಇಷ್ಟು: ನದಿಯನ್ನು ಕಾಯಲು ಮೂರು ಬೇಕು. ಕಣಿವೆಯ ಮೇಲಿಂದ ಸಮುದ್ರದವರೆಗೆ ಒಂದೇ ಹೊಣೆ. ಯಾವ ಮಟ್ಟಕ್ಕೆ ಯಾವ ಗೇಟು ಎಂದು ಮೊದಲೇ ಬರೆದಿಟ್ಟ ನಿಯಮ. ತಪ್ಪಿದಾಗ ಉತ್ತರ ಕೊಡಲೇಬೇಕಾದ ಕಟ್ಟು. ಸೇನೆಯ ಎಂಜಿನಿಯರುಗಳು ಮೊದಲ ಎರಡನ್ನು ಚೆನ್ನಾಗಿ ಕಲಿಸಿದರು. ಮೂರನೆಯದರಲ್ಲಿ ಸಮವಸ್ತ್ರ ಅಡ್ಡ ಬರುತ್ತದೆ. ಮೊದಲೆರಡಕ್ಕೆ ಸೇನೆಯೇ ಬೇಕೆಂದಿಲ್ಲ ಎಂಬುದಕ್ಕೆ ಅರಕಾವಾ ಸಾಕ್ಷಿ.

2019ರ ಅಕ್ಟೋಬರ್ 12ರಂದು ಹಗಿಬಿಸ್ ಚಂಡಮಾರುತ ಬಂದಾಗ ಆದದ್ದನ್ನು ನೋಡಿ. ಇವಾಬುಚಿಯಲ್ಲಿ ನೀರು 4 ಮೀಟರಿನ ಗುರುತು ದಾಟಿ ಏರುತ್ತಲೇ ಇದ್ದರೆ ಸುಮಿದಾ ಕಡೆಯ ಬಾಗಿಲು ಹಾಕಬೇಕೆಂಬುದು ನಿಯಮ. 1982ರಲ್ಲಿ ಹಳೆಯ ತೂಬಿನ ಜಾಗಕ್ಕೆ ಬಂದ ನೀಲಿ ಬಣ್ಣದ ಹೊಸ ತೂಬನ್ನು ಅಂದು ರಾತ್ರಿ ಮುಚ್ಚಲಾಯಿತು. ಮರುದಿನ ಬೆಳಿಗ್ಗೆ ನೀರು 7.17 ಮೀಟರಿಗೆ ಏರಿ ನಿಂತಿತು. ಸುಮಿದಾದ ಏರಿಯ ಎತ್ತರ 6.9 ಮೀಟರ್. ಬಾಗಿಲು ತೆರೆದಿದ್ದರೆ ನಗರದ ಕಥೆ ಬೇರೆಯಾಗುತ್ತಿತ್ತು. ಅದೇ ಹೊತ್ತಿಗೆ ಮೇಲ್ಭಾಗದಲ್ಲಿ, ಸಾಯಿತಾಮಾ ಪ್ರಾಂತ್ಯದ ಸಾಯಿಕೊ ಕೆರೆಯನ್ನು ಒಳಗೊಂಡ ನೆರೆ ತಡೆ ಅಂಗಳ ಸುಮಾರು 3.5 ಕೋಟಿ ಘನಮೀಟರ್ ನೀರನ್ನು ನುಂಗಿಕೊಂಡಿತು. ಅದರ ಸಾಮರ್ಥ್ಯವೇ 3.9 ಕೋಟಿ. ಉಳಿದ ದಿನಗಳಲ್ಲಿ ಆ ಕೆರೆಯ ದಂಡೆ ಸೈಕಲ್ ತುಳಿಯುವವರ, ಬುತ್ತಿ ಬಿಚ್ಚಿ ಕೂರುವವರ ಉದ್ಯಾನ. ಇನ್ನೂ ಮೇಲೆ ಫುತಾಸೆ, ಉರಯಾಮಾ, ತಕಿಜಾವಾ ಅಣೆಕಟ್ಟುಗಳಿವೆ. ಇವುಗಳಲ್ಲಿ ಮೊದಲನೆಯದು ಭೂ-ಸಾರಿಗೆ ಸಚಿವಾಲಯದ್ದು, ಉಳಿದೆರಡು ಜಲಸಂಪನ್ಮೂಲ ಸಂಸ್ಥೆಯವು. 1964ರ ನದಿ ಕಾಯ್ದೆ ಇಂಥ ದೊಡ್ಡ ನದಿಗಳ ಹೊಣೆಯನ್ನು ಸಚಿವರಿಗೆ ಕಟ್ಟಿರುವುದರಿಂದ ಅವೆಲ್ಲ ಒಂದು ವ್ಯವಸ್ಥೆಯಾಗಿ ನಡೆಯುತ್ತವೆ. ಅಂದು ಗೇಟು ಮುಚ್ಚಿದ್ದು ಸೈನಿಕರಲ್ಲ, ನದಿ ಕಚೇರಿಯ ನೌಕರರು. ನಮ್ಮ ಹಳ್ಳಿಗಳ ನೀರಗಂಟಿ ಮಾಡುತ್ತಿದ್ದ ಕೆಲಸವನ್ನೇ, ಅಳತೆಗೋಲು ಮತ್ತು ಕಡತ ಹಿಡಿದು ಮಾಡಿದರು.

ವಿಪತ್ತಿನಲ್ಲಿ ಜಪಾನ್ ಕೂಡ ಸೇನೆಯನ್ನೇ ಕರೆಯುತ್ತದಲ್ಲ ಎಂಬ ಆಕ್ಷೇಪ ಸಹಜ. ನಿಜ, ಗವರ್ನರ್ ಕೋರಿದರೆ ಆತ್ಮರಕ್ಷಣಾ ಪಡೆ ಬರುತ್ತದೆ. 2015ರಲ್ಲಿ ಕಿನುಗಾವಾ ಏರಿ ಒಡೆದಾಗ ಜೋಸೊ ನಗರದ ಮಾಳಿಗೆಗಳ ಮೇಲಿಂದ ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿದವರಲ್ಲಿ ಆ ಪಡೆಯವರೂ ಇದ್ದರು. ಆದರೆ ಮುಳುಗಿದವರನ್ನು ಎತ್ತುವುದು ಒಂದು ಕೆಲಸ, ಮುಳುಗದಂತೆ ಮೂವತ್ತು ವರ್ಷ ಏರಿಯ ಬಿರುಕು ನೋಡುತ್ತಿರುವುದು ಇನ್ನೊಂದು. ಈ ಅಂತರ ಟೋಕಿಯೊದ ಪಶ್ಚಿಮದ ತಮಾಗಾವಾದಲ್ಲಿ 1974ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಯಿತು. ನದಿಗೆ ಅಡ್ಡ ಕಟ್ಟಿದ್ದ ಒಡ್ಡೇ ಪ್ರವಾಹವನ್ನು ಪಕ್ಕಕ್ಕೆ ತಿರುಗಿಸಿ, ಕೊಮಾಯೆ ನಗರದ 19 ಮನೆಗಳು ಕೊಚ್ಚಿಹೋದವು. ಒಡ್ಡನ್ನು ಸಿಡಿಸಲು ಆತ್ಮರಕ್ಷಣಾ ಪಡೆಯನ್ನು ಕರೆಸಲಾಯಿತು. ಅದು ತುರ್ತಿನ ಕೆಲಸ. ಆಮೇಲಿನದು ಮುಖ್ಯ: ಮನೆ ಕಳೆದುಕೊಂಡವರು ಸರ್ಕಾರದ ಮೇಲೆ ದಾವೆ ಹೂಡಿದರು. 1947ರ ಪರಿಹಾರ ಕಾಯ್ದೆಯಲ್ಲಿ ರಸ್ತೆಯ ಜೊತೆಗೆ ನದಿಯ ಹೆಸರನ್ನೂ ಹೇಳಿ, ನಿರ್ವಹಣೆಯ ದೋಷಕ್ಕೆ ಸರ್ಕಾರವೇ ಹೊಣೆ ಎಂದಿದೆ. ಮೇಲಿನ ನ್ಯಾಯಾಲಯ, ಕೆಳಗಿನ ನ್ಯಾಯಾಲಯ ಎಂದು ಅಲೆದು, 1992ರಲ್ಲಿ ಟೋಕಿಯೊ ಹೈಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಹದಿನೆಂಟು ವರ್ಷ ಕಡಿಮೆಯಲ್ಲ, ಎಲ್ಲ ಪ್ರವಾಹಪೀಡಿತರೂ ಗೆದ್ದಿಲ್ಲ. 1984ರ ದೈತೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಹೊಣೆಯನ್ನು ಬಹಳ ಸೀಮಿತಗೊಳಿಸಿತ್ತು. ಆದರೂ ಕೇಳುವ ಬಾಗಿಲು ಮುಚ್ಚಿರಲಿಲ್ಲ.

ಅಮೆರಿಕದಲ್ಲಿ ಅದು ಹೆಚ್ಚುಕಡಿಮೆ ಮುಚ್ಚಿದೆ. 1928ರ ಪ್ರವಾಹ ಕಾಯ್ದೆ, ನೆರೆಯಿಂದಾಗುವ ನಷ್ಟಕ್ಕೆ ಕೇಂದ್ರ ಸರ್ಕಾರ ಹೊಣೆಯಲ್ಲ ಎಂದು ಬರೆದುಕೊಂಡಿತು. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸಿನ ಕಾಲುವೆ ಗೋಡೆಗಳು ಮುರಿದು ನಗರ ಮುಳುಗಿತು. ವಿನ್ಯಾಸದಲ್ಲಿ ದೋಷವಿತ್ತೆಂದು ಮರುವರ್ಷ ಎಂಜಿನಿಯರ್ ಪಡೆಯ ಮುಖ್ಯಸ್ಥರೇ ಒಪ್ಪಿದರು. 2008ರಲ್ಲಿ ನ್ಯಾಯಾಧೀಶರು ಪಡೆಯನ್ನು ಕಟುವಾಗಿ ಟೀಕಿಸಿಯೂ ಆ ಹಳೆಯ ಕಾಯ್ದೆಯ ಕಾರಣಕ್ಕೆ ಕಾಲುವೆ ಗೋಡೆಗಳ ದಾವೆಯನ್ನು ವಜಾ ಮಾಡಬೇಕಾಯಿತು. ಈ ರಕ್ಷಣೆ ಇರುವುದು ಸರ್ಕಾರಕ್ಕೆ, ಸೇನೆಗೆಂದೇ ಅಲ್ಲ ಎನ್ನಬಹುದು; ಒಪ್ಪುತ್ತೇನೆ. ಆದರೆ ಆಜ್ಞೆಯ ಪರಂಪರೆಯ ಸಂಸ್ಥೆಗೆ ಇಂಥ ಕವಚವೂ ಸೇರಿದರೆ ಪ್ರಶ್ನಿಸುವವನಿಗೆ ಉಳಿಯುವುದು ಪತ್ರಿಕಾಗೋಷ್ಠಿ ಮಾತ್ರ. ಕಠಿಣ ನಿರ್ಧಾರಕ್ಕೆ ಸೇನಾಧಿಕಾರಿಯೇ ಬೇಕು ಎನ್ನುವವರು 2011ರ ಉದಾಹರಣೆ ಕೊಡುತ್ತಾರೆ. ಕೈರೊ ಎಂಬ ಪಟ್ಟಣ ಉಳಿಸಲು ಮೇಜರ್ ಜನರಲ್ ಮೈಕೆಲ್ ವಾಲ್ಶ್ ಮಿಸಿಸಿಪಿಯ ಬರ್ಡ್ಸ್ ಪಾಯಿಂಟ್ ಏರಿಯನ್ನು ಸ್ಫೋಟಿಸಿ ಸುಮಾರು 1.3 ಲಕ್ಷ ಎಕರೆ ಹೊಲವನ್ನು ಮುಳುಗಿಸಿದರು. ಧೈರ್ಯವೇನೋ ಹೌದು. ಆದರೆ ಆ ಏರಿಯನ್ನು ಹಾಗೆ ಒಡೆಯಬೇಕೆಂಬ ಯೋಜನೆ 1927ರ ಪೂರದ ನಂತರವೇ ಬರೆದಿಟ್ಟದ್ದು. ಮೇಜರ್ ಜನರಲ್ ಓದಿದ್ದು ಕಡತವನ್ನು. ಇವಾಬುಚಿಯ ನೌಕರರು ಓದಿದ್ದೂ ಅದನ್ನೇ.

ನಾಗರಿಕ ಇಲಾಖೆಗಳು ಎಡವುವುದಿಲ್ಲವೇ? ನಮ್ಮ ಓದುಗರಿಗೆ ದೂರ ಹೋಗಬೇಕಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತು. ಬೆಂಗಳೂರಿನ ಕೆರೆಗಳ ಕಥೆಯಂತೂ ಇಲಾಖೆಗಳ ಕುರ್ಚಿ ಬದಲಾವಣೆಯ ಕಥೆ: 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ, 2014ರ ಕಾಯ್ದೆಯಿಂದ ಇನ್ನೊಂದು ಪ್ರಾಧಿಕಾರ, 2018ರಲ್ಲಿ ಅದೂ ಹೋಗಿ ಸಣ್ಣ ನೀರಾವರಿ ಇಲಾಖೆ. ಅದೇ 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಸೇನೆಯ ಯೋಧರು ಇಳಿಯಬೇಕಾಯಿತು. ಕೆರೆಗಳನ್ನೆಲ್ಲ ಸೇನೆಗೇ ಕೊಟ್ಟುಬಿಡಿ ಎಂಬ ಮಾತು ಇಂಥ ಹೊತ್ತಿನಲ್ಲಿ ಹುಟ್ಟುತ್ತದೆ. ಮೈಸೂರು ಸೀಮೆಗೆ ಅದೂ ಹೊಸದಲ್ಲ. ಕಮಿಷನರ್ ಆಳ್ವಿಕೆಯಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಮದ್ರಾಸ್ ಎಂಜಿನಿಯರ್ಸ್ ಪಡೆಯವರು. ಬೆಂಗಳೂರಿನ ಸ್ಯಾಂಕಿ ಕೆರೆ ಅವರ ಹೆಸರಿನದೇ. ಆದರೆ ಸ್ಯಾಂಕಿಯಂಥವರ ದೊಡ್ಡ ಕೊಡುಗೆ ಅವರ ಸಮವಸ್ತ್ರವಲ್ಲ. ಒಂದು ಕೆರೆಯ ಕೋಡಿ ಇನ್ನೊಂದರ ಒಳಹರಿವು ಎಂದು ಸರಣಿಯನ್ನು ಸರಣಿಯಾಗಿಯೇ ನೋಡಿದ ಕಣ್ಣು. ಬೆಳ್ಳಂದೂರಿನ ಬೆಂಕಿ ಆರಿಸಿ ಯೋಧರು ಹಿಂತಿರುಗಿದ ಮೇಲೆ ಕೊಳಚೆ ಮತ್ತೆ ಹರಿಯಿತು. ಅದನ್ನು ತಡೆಯಬೇಕಾದವರು ನಾಗರಿಕರೇ.

ಜಪಾನಿನಲ್ಲಿ ನಾಗರಿಕ ಇಲಾಖೆಯನ್ನು ಜಗ್ಗಿ ಕೇಳಲು ಸಾಧ್ಯ ಎಂಬುದಕ್ಕೆ ಎದೊಗಾವಾದಲ್ಲೇ ಉದಾಹರಣೆಯಿದೆ. ಏರಿಯನ್ನು ಊರಿನಷ್ಟೇ ಅಗಲಕ್ಕೆ ದಪ್ಪ ಮಾಡುವ ‘ಸೂಪರ್ ಏರಿ’ ಯೋಜನೆ 1987ರಲ್ಲಿ ಶುರುವಾಯಿತು. ಖರ್ಚು ವಿಪರೀತವೆಂದು 2010ರ ಬಹಿರಂಗ ಬಜೆಟ್ ಪರಿಶೀಲನೆಯಲ್ಲಿ ಅದನ್ನು ಕೈಬಿಡಲು ಹೇಳಲಾಯಿತು. ಮರುವರ್ಷ ಅರಕಾವಾದ ಕೆಳಭಾಗವೂ ಸೇರಿದಂತೆ ಸುಮಾರು 120 ಕಿ.ಮೀ.ಗೆ ಇಳಿಸಿ ಉಳಿಸಿಕೊಂಡರು. ಎದ್ದು ಹೋಗಬೇಕಾದ ಮನೆಯವರು ನ್ಯಾಯಾಲಯದ ಮೆಟ್ಟಿಲೂ ಹತ್ತಿದರು. ಕೆಲಸ ನಿಧಾನವಾಯಿತು, ಹೌದು. ಆ ನಿಧಾನ ನನಗೆ ದುಬಾರಿ ಅನ್ನಿಸುವುದಿಲ್ಲ. ಜನರ ವಿಹಾರಕ್ಕೂ ಸೇನೆ ಬೇಕಿಲ್ಲ: ಅದೇ ವಾರ್ಡು ಗಬ್ಬು ನಾರುತ್ತಿದ್ದ ಒಂದು ಹಳೆಯ ಕಾಲುವೆಯನ್ನು ಹಸನುಮಾಡಿ, ಮಕ್ಕಳು ಇಳಿದು ಆಡುವ ಫುರುಕಾವಾ ಜಲೋದ್ಯಾನವನ್ನು 1973ರಲ್ಲಿ ತೆರೆಯಿತು. ದೇಶದಲ್ಲೇ ಅದು ಮೊದಲನೆಯದು.

ಅಒಯಾಮಾನ ಬಗ್ಗೆ ಒಂದು ಮಾತು ಜಪಾನಿನಲ್ಲಿ ಪ್ರಚಾರದಲ್ಲಿದೆ. ಯುದ್ಧಕಾಲದಲ್ಲಿ ಪನಾಮಾ ಕಾಲುವೆಯನ್ನು ಒಡೆಯುವುದು ಹೇಗೆಂದು ನೌಕಾಪಡೆ ವಿಚಾರಿಸಿದಾಗ, ಕಟ್ಟುವುದು ತಿಳಿದಿದೆ, ಒಡೆಯುವುದು ತಿಳಿಯದು ಎಂದನಂತೆ. ಕಥೆ ಎಷ್ಟು ನಿಜವೋ, ಅರಕಾವಾದಲ್ಲಿ ಪನಾಮಾದ ಗುರುತಂತೂ ಉಳಿದಿದೆ. 2005ರಲ್ಲಿ ಕೊಮತ್ಸುಗಾವಾದಲ್ಲಿ ತೆರೆದ ಅರಕಾವಾ ಲಾಕ್ ಗೇಟ್, ಹಳೆಯ ನಕಗಾವಾ ಮತ್ತು ಅರಕಾವಾದ ನಡುವಿನ, ಕೆಲವೊಮ್ಮೆ 3 ಮೀಟರಿಗೂ ಮೀರುವ ನೀರಿನ ಮಟ್ಟದ ವ್ಯತ್ಯಾಸವನ್ನು ದೋಣಿಗಳಿಗೆ ದಾಟಿಸುತ್ತದೆ. ಭೂಕಂಪದಲ್ಲಿ ರಸ್ತೆ ಕಡಿದರೆ ಪರಿಹಾರ ಸಾಮಗ್ರಿ ಜಲಮಾರ್ಗದಲ್ಲಿ ಬರಲೆಂದು ಕಟ್ಟಿದ್ದು ಅದು.

ಇಷ್ಟೆಲ್ಲ ಇದ್ದೂ ಇಲ್ಲಿನ ಆಡಳಿತ ‘ನಾವಿದ್ದೇವೆ, ನಿಶ್ಚಿಂತೆಯಿಂದಿರಿ’ ಎಂದು ಹೇಳುವುದಿಲ್ಲ. 2019ರ ಮೇ ತಿಂಗಳಲ್ಲಿ ಎದೊಗಾವಾ ವಾರ್ಡು ಮನೆಮನೆಗೆ ಹಂಚಿದ ಪ್ರವಾಹ ಭೂಪಟದ ಮುಖಪುಟದಲ್ಲೇ, ಇಲ್ಲಿ ಇರಬೇಡಿ ಎಂಬ ಎಚ್ಚರಿಕೆ ಅಚ್ಚಾಗಿತ್ತು. ಏರಿ ಒಡೆದರೆ ಕೆಲವು ಕಡೆ ಎರಡು ವಾರಕ್ಕೂ ಮೀರಿ ನೀರು ನಿಲ್ಲಬಹುದು, ಆದ್ದರಿಂದ ಚಂಡಮಾರುತ ಬರುವ ಮೊದಲೇ ವಾರ್ಡಿನಿಂದ ಹೊರಗೆ ಹೋಗಿ ಎನ್ನುವುದು ಅದರ ತಿರುಳು. ನಿಶಿ ಕಸಾಯಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗರು ಆ ಭೂಪಟವನ್ನು ಜಪಾನಿ ಬಲ್ಲವರ ಪಕ್ಕದಲ್ಲಿ ಕೂತು ಒಮ್ಮೆ ಓದಿಕೊಳ್ಳಿ. ಎಲ್ಲಿಗೆ, ಯಾರ ಮನೆಗೆ, ಎಷ್ಟು ಹೊತ್ತು ಮುಂಚೆ ಹೊರಡಬೇಕು ಎಂಬುದನ್ನು ಚಂಡಮಾರುತದ ಋತುವಿಗೆ ಮೊದಲೇ ಮನೆಯಲ್ಲಿ ನಿಶ್ಚಯಿಸಿಕೊಳ್ಳಿ.